ಕಾಲು ಊರದ ಎಂಟು

ಮೋಟಾರ್ ಸೈಕಲ್ಲನ್ನು ಜೋರಾಗಿ ಓಡಿಸುವವನನ್ನು ಕಂಡರೆ ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಅದರಲ್ಲಿ ಏನು ಹೆಚ್ಚುಗಾರಿಕೆಯೋ ದೇವರೇ ಬಲ್ಲ. ಆಕ್ಸಿಲರೇಟರ್ ತಿರುವಿದರೆ ಎಂಥ ದಡ್ಡನ ಕೈಯಲ್ಲೂ ಗಾಡಿ ಓಡುತ್ತದೆ. ಅದೇ ಗಾಡಿಯನ್ನು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ, ಎರಡು ಮಂಚ ಹಾಕುವಷ್ಟು ಜಾಗದಲ್ಲಿ, ನೆಲಕ್ಕೆ ಕಾಲು ಊರದೆ ಸುತ್ತಿಸು ಅಂದರೆ ಆಗ ತಿಳಿಯುತ್ತದೆ ಯಾರ ಬಂಡವಾಳ ಎಷ್ಟೆಂದು. ಎಪ್ಪತ್ತರ ದಶಕದ ಕೊನೆಯಲ್ಲಿ ಶ್ರೀನಿವಾಸಪುರದಲ್ಲಿ ಆ ವಿದ್ಯೆ ಪೂರ್ತಿ ಕೈವಶವಾಗಿದ್ದದ್ದು ಒಬ್ಬನಿಗೆ ಮಾತ್ರ. ಅವನ ಹೆಸರು ಕದಿರೇಶ. ಟೇಕಲ್ಲಿನಿಂದ ಹೊಟ್ಟೆಪಾಡಿಗೆ ಬಂದವನು, ಅಬ್ದುಲ್ ಖಾದರ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಆ ವಿದ್ಯೆ ಅವನಿಗೆ ಮಾಡಿದ್ದನ್ನು ಹಗೆಯವನೂ ಮಾಡಲಾರ.

ಖಾದರ್ ಗ್ಯಾರೇಜು ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿತ್ತು. ಸಂದಿಯ ಕೊನೆಗೆ ಒಂದು ಅಂಗಳ, ಅಂಗಳದ ನಡುವೆ ಹಾಳು ಬಾವಿ. ಒಳಗೆ ಬಂದ ಗಾಡಿ ಹೊರಗೆ ಹೋಗಬೇಕಾದರೆ ಬಾವಿಯನ್ನು ಸುತ್ತಿಯೇ ಹೋಗಬೇಕು. ಬಾವಿಕಟ್ಟೆಗೂ ಗೋಡೆಗೂ ನಡುವೆ ಒಂದು ಮಾರು ಜಾಗವಿದ್ದರೆ ಹೆಚ್ಚು. ಉಳಿದವರು ಗಾಡಿಯನ್ನು ತಳ್ಳಿಕೊಂಡು ಸುತ್ತಿಸುತ್ತಿದ್ದರು. ಕದಿರೇಶನ ಮೈಯಲ್ಲಿ ಬುಲೆಟ್ ತಳ್ಳುವಷ್ಟು ಮಾಂಸವಿರಲಿಲ್ಲ. ಅವನು ಗಾಡಿ ಹತ್ತಿಯೇ ಸುತ್ತಿಸಲು ಶುರುಮಾಡಿದ. ಫಸ್ಟ್ ಗೇರು, ಕ್ಲಚ್ಚು ಅರ್ಧ ಹಿಡಿದು ಅರ್ಧ ಬಿಟ್ಟು, ಹಿಂದಿನ ಬ್ರೇಕಿನ ಮೇಲೆ ಬೆರಳಿನಷ್ಟೇ ಒತ್ತಡ. ಗಾಡಿ ಒಳಕ್ಕೆ ವಾಲಿದರೆ ಮೈ ಹೊರಕ್ಕೆ ವಾಲಬೇಕು. ಕಣ್ಣು ಮುಂದಿನ ಚಕ್ರದ ಮೇಲಿದ್ದರೆ ಬಿದ್ದೆ ಅಂತಲೇ ಲೆಕ್ಕ. ಎಲ್ಲಿಗೆ ಹೋಗಬೇಕೋ ಅಲ್ಲಿ ಕಣ್ಣಿರಬೇಕು. ಒಂದು ವರ್ಷ ಬಿದ್ದ, ಮೊಣಕೈ ತರಚಿಕೊಂಡ, ಖಾದರ್ ಕೈಲಿ ಬೈಸಿಕೊಂಡ. ಎರಡನೆಯ ವರ್ಷದ ಹೊತ್ತಿಗೆ ಬಾವಿಯ ಸುತ್ತ ಹತ್ತು ಸುತ್ತು ಹಾಕಿದರೂ ಅವನ ಕಾಲು ನೆಲ ಮುಟ್ಟುತ್ತಿರಲಿಲ್ಲ.

ಆ ಕಾಲದಲ್ಲಿ ಲೈಸೆನ್ಸ್ ಬೇಕಾದವರು ಬ್ರೇಕ್ ಇನ್‌ಸ್ಪೆಕ್ಟರ ಎದುರು ಎಂಟು ಹಾಕಿ ತೋರಿಸಬೇಕಿತ್ತು. ತಿಂಗಳಿಗೊಮ್ಮೆ ಅವರು ಬರುತ್ತಿದ್ದರು, ಕೆರೆ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಳ್ಳುತ್ತಿದ್ದರು. ಮುಂದೆ ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ಎಂಟು. ಅದರ ಮೇಲೆ ಗಾಡಿ ಹೋಗಬೇಕು, ಕಾಲು ಊರಿದರೆ ಫೇಲು. ನಮ್ಮ ಕಡೆಯ ಸಾಹುಕಾರರಿಗೆ, ಮೇಷ್ಟ್ರುಗಳಿಗೆ, ರೇಷ್ಮೆ ಮಾರುವವರಿಗೆ ನೇರ ರಸ್ತೆ ಎಷ್ಟು ದೂರವಾದರೂ ಸರಿ, ಎಂಟು ಮಾತ್ರ ಬರುತ್ತಿರಲಿಲ್ಲ. ತಿರುವು ಬಂದ ಕೂಡಲೇ ಕೋಳಿ ಕೆದಕಿದ ಹಾಗೆ ಎರಡೂ ಕಾಲು ನೆಲಕ್ಕೆ. ಅವರ ಕಷ್ಟ ನೋಡಲಾರದೆ ಖಾದರ್ ಒಂದು ದಾರಿ ಹುಡುಕಿದ. ಅವರ ಹೆಸರಿನಲ್ಲಿ ಕದಿರೇಶ ಎಂಟು ಹಾಕುವುದು.

ಇದಕ್ಕೊಂದು ಪದ್ಧತಿಯಿತ್ತು. ಅರ್ಜಿಗೆ ಅಂಟಿಸುವ ಫೋಟೋ ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದು, ಕಪ್ಪು ಬಿಳುಪು. ಅದರಲ್ಲಿ ಮುಖ ಯಾರದಾದರೂ ಒಂದೇ, ಗುರುತು ಸಿಗುವುದು ಶರ್ಟು, ಮೀಸೆ ಎರಡೇ. ಅದಕ್ಕೇ ಅರ್ಜಿದಾರರು ದಪ್ಪ ಚೌಕಳಿ ಶರ್ಟು ತೊಟ್ಟು ಫೋಟೋ ತೆಗೆಸಬೇಕೆಂದು ಖಾದರ್ ಕಟ್ಟುಮಾಡಿದ್ದ. ಪರೀಕ್ಷೆಯ ದಿನ ಅದೇ ಶರ್ಟು ತೊಟ್ಟು, ಫೋಟೋದಲ್ಲಿದ್ದಂತೆ ಮೀಸೆ ಕತ್ತರಿಸಿಕೊಂಡು ಕದಿರೇಶ ಹೋಗುತ್ತಿದ್ದ. ಇನ್‌ಸ್ಪೆಕ್ಟರು ಅರ್ಜಿ ನೋಡುತ್ತಿದ್ದರು, ಶರ್ಟು ನೋಡುತ್ತಿದ್ದರು, ಮುಖ ಮಾತ್ರ ನೋಡುತ್ತಿರಲಿಲ್ಲ. ನೋಡದೇ ಇರುವುದು ಅವರಿಗೆ ಹೇಗೆ ಅಭ್ಯಾಸವಾಯಿತು ಎಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಆ ಶರ್ಟು ಕದಿರೇಶನದು. ಅದೇ ಅವನ ಕೂಲಿ.

ಹೆಂಡತಿ ಮುನಿಯಲ್ಲಮ್ಮನಿಗೆ ಇದೊಂದು ತಮಾಷೆ. ಒಂದು ತಿಂಗಳು ಮೂಗಿನ ಕೆಳಗೆ ಗೆರೆಯಂಥ ಮೀಸೆ, ಇನ್ನೊಂದು ತಿಂಗಳು ಮೀಸೆಯೇ ಇಲ್ಲ.

"ಈ ತಿಂಗಳು ನಾನು ಯಾರ ಹೆಂಡ್ತಿ, ಹೇಳ್ಬಿಡು. ಬೀದೀಲಿ ಯಾರಾದ್ರೂ ಕೇಳಿದ್ರೆ ತಪ್ಪು ಹೇಳ್ಬಾರ್ದು ನೋಡು" ಎನ್ನುತ್ತಿದ್ದಳು.

"ಮೇಷ್ಟ್ರು ಹೆಂಡ್ತಿ ಕಣೇ."

"ಹಂಗಾದ್ರೆ ನಾನು ನೀರು ಸೇದಲ್ಲ ಇವತ್ತು."

ಅವನು ಸ್ವಂತಕ್ಕೆ ಲೈಸೆನ್ಸ್ ಮಾಡಿಸಿಕೊಳ್ಳಲಿಲ್ಲ. ಸ್ವಂತ ಗಾಡಿಯಿರಲಿಲ್ಲ, ಮತ್ತೆ ಯಾಕೆ ಅಂತ. ಆರು ವರ್ಷದಲ್ಲಿ ಊರಿನ ನಲವತ್ತು ಜನರ ಎಂಟು ಅವನೇ ಹಾಕಿದ್ದ. ಇಷ್ಟರಲ್ಲಿ ಅವನಿಗೆ ತಲೆ ತಿರುಗಿತ್ತು ಎನ್ನುವುದನ್ನೂ ಹೇಳಬೇಕು. ಕಲಿಸಿಕೊಡು ಎಂದು ಬಂದವರಿಗೂ ಅವನು ಕಲಿಸುತ್ತಿರಲಿಲ್ಲ. ಕಲಿತುಬಿಟ್ಟರೆ ಇವನನ್ನು ಕೇಳುವವರು ಯಾರು?

ಕೋದಂಡರಾಮಪ್ಪ ಬಂದದ್ದು ಎಂಬತ್ತೊಂದರಲ್ಲಿ. ಮಾವಿನ ಮಂಡಿ ಇಟ್ಟಿದ್ದವನು, ನಲವತ್ತೈದರ ಸ್ಥೂಲ ಆಸಾಮಿ. ಹೊಸ ಬುಲೆಟ್ ತಂದಿದ್ದ. ಮನುಷ್ಯ ಕೆಟ್ಟವನೇನಲ್ಲ. ಮುನಿಯಲ್ಲಮ್ಮ ಸುಗ್ಗಿಯಲ್ಲಿ ಹಣ್ಣು ವಿಂಗಡಿಸಲು ಹೋಗುತ್ತಿದ್ದದ್ದು ಅವನ ಮಂಡಿಗೇ. ಮೂರು ದಿನ ಬೆಳಗಿನ ಜಾವ ಕೆರೆ ಅಂಗಳಕ್ಕೆ ಹೋಗಿ ಅವನೂ ಒದ್ದಾಡಿದ. ತಿರುಗಿಸುವಾಗ ಭಯಕ್ಕೆ ಕ್ಲಚ್ಚು ಪೂರ್ತಿ ಬಿಟ್ಟುಬಿಡುತ್ತಿದ್ದ, ಅದೇ ಭಯಕ್ಕೆ ಬಲಗೈ ಆಕ್ಸಿಲರೇಟರನ್ನು ತಿರುವುತ್ತಿತ್ತು. ಗಾಡಿ ಹಾರಿ ಬೇಲಿಗೆ ನುಗ್ಗುತ್ತಿತ್ತು. ನೋಡುತ್ತ ಕೂತಿದ್ದ ಕದಿರೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೇ, ನಗಬೇಡ್ವೋ. ಈ ತಿರುಗ್ಸೋದು ಒಂದು ಕಲಿಸ್ಕೊಡು, ಒಂದ್ ತಿಂಗಳಾಗ್ಲಿ, ಕಲೀತೀನಿ" ಎಂದ ಕೋದಂಡರಾಮಪ್ಪ.

"ನಿಮಗ್ಯಾಕೆ ಸಾವ್ಕಾರ್ರೇ ಆ ಕಷ್ಟ. ಶರ್ಟು ಕೊಡಿ, ನಾನಿದೀನಿ."

ಆ ಶರ್ಟಿನೊಳಗೆ ಕದಿರೇಶನಂಥವರು ಇಬ್ಬರು ಹಿಡಿಸುತ್ತಿದ್ದರು. ಮುನಿಯಲ್ಲಮ್ಮ ಎರಡೂ ಪಕ್ಕ ಹಿಡಿದು ಹೊಲಿದು ಅವನ ಮೈಗೆ ಸರಿಮಾಡಿ ಕೊಟ್ಟಳು. ಪರೀಕ್ಷೆಯ ದಿನ ಸುತ್ತ ಜನ ಜಾಸ್ತಿ ಇದ್ದರು. ಕದಿರೇಶನಿಗೆ ಹುಮ್ಮಸ್ಸು ಬಂತು. ಒಂದು ಎಂಟು ಸಾಕಿತ್ತು, ಮೂರು ಹಾಕಿದ. ಮೂರನೆಯದನ್ನು ಸುಣ್ಣದ ಗೆರೆಯ ಒಳಗೇ, ಇನ್ನೂ ಚಿಕ್ಕದಾಗಿ, ಗಾಡಿ ನಿಂತೇಹೋಯಿತೇನೋ ಅನ್ನುವಷ್ಟು ನಿಧಾನವಾಗಿ ಸುತ್ತಿಸಿದ. ಇನ್‌ಸ್ಪೆಕ್ಟರು ಕುರ್ಚಿಯಿಂದ ಎದ್ದು ನಿಂತರು. ಕೋದಂಡರಾಮಪ್ಪನ ಅರ್ಜಿಯ ಮೇಲೆ, ಪಾಸು ಎಂದು ಬರೆಯುವ ಕಡೆ, 'ಅತ್ಯುತ್ತಮ ಹಿಡಿತ, ಇಂಥದ್ದು ಅಪರೂಪ' ಎಂದು ಬರೆದು ರುಜು ಹಾಕಿದರು. ಅದನ್ನು ಕದಿರೇಶ ಮನೆಗೆ ಬಂದು ಹೆಂಡತಿಗೆ ನಾಲ್ಕು ಸಲ ಹೇಳಿದ.

ಎಂಬತ್ತಮೂರರ ಮಾವಿನ ಸುಗ್ಗಿ. ಮಂಡಿಯ ಗೇಟಿನೊಳಗೆ ಬುಟ್ಟಿಗಳ ಸಾಲು, ಸಾಲಿನ ಪಕ್ಕ ಕೂತು ಹಣ್ಣು ಆಯುವ ಹೆಂಗಸರು, ನಡುವೆ ಓಡಾಡುವಷ್ಟೇ ದಾರಿ. ಕೋದಂಡರಾಮಪ್ಪ ಬುಲೆಟ್ ಹತ್ತಿ ಒಳಗೆ ಬಂದ, ಯಾರನ್ನೋ ಕರೆಯಲು ಮತ್ತೆ ಹೊರಗೆ ಹೋಗಬೇಕೆಂದು ನೆನಪಾಯಿತು. ಇಳಿದು ತಳ್ಳಿಕೊಂಡು ತಿರುಗಿಸಿದ್ದರೆ ಮುಗಿದಿತ್ತು. ಆಂಧ್ರದಿಂದ ಬಂದ ವ್ಯಾಪಾರಿಗಳು ನೋಡುತ್ತಿದ್ದರು. ಲೈಸೆನ್ಸ್ ಇರುವ ಸಾಹುಕಾರ ಗಾಡಿ ತಳ್ಳುವುದೇ? ಹ್ಯಾಂಡಲ್ ಪೂರ್ತಿ ತಿರುಗಿಸಿದ, ಗಾಡಿ ವಾಲಿತು, ಭಯ ಹತ್ತಿತು, ಕ್ಲಚ್ಚು ಬಿಟ್ಟ, ಬಲಗೈ ತಿರುವಿತು. ಗಾಡಿ ಬುಟ್ಟಿಗಳನ್ನು ಹಾರಿಸಿಕೊಂಡು ಹೋಗಿ ಮುನಿಯಲ್ಲಮ್ಮನನ್ನು ಕಲ್ಲುಕಂಬಕ್ಕೆ ಒತ್ತಿ ನಿಂತಿತು. ಅವಳ ಕೈಯಲ್ಲಿ ಹಣ್ಣು ಹಾಗೇ ಇತ್ತು ಎಂದು ನೋಡಿದವರು ಹೇಳಿದರು.

ಕದಿರೇಶ ಓಡಿ ಬಂದಾಗ ಅವಳ ಉಸಿರು ನಿಂತಿತ್ತು. ಅವನು ಅವಳ ಪಕ್ಕ ಕೂತ. ಮಣ್ಣಿನ ಮೇಲೆ ಹಿಂದಿನ ಚಕ್ರ ಕೊರೆದ ಗುರುತಿತ್ತು, ಆಳವಾಗಿ, ಒಂದೇ ಗೆರೆ. ಆ ಗೆರೆಯನ್ನು ಓದಲು ಅವನಿಗಿಂತ ಚೆನ್ನಾಗಿ ಬಲ್ಲವರು ಆ ತಾಲ್ಲೂಕಿನಲ್ಲಿ ಇರಲಿಲ್ಲ. ಓದಿದ. ಕ್ಲಚ್ಚು ಬಿಟ್ಟು ಆಕ್ಸಿಲರೇಟರ್ ತಿರುವುವ ಅದೇ ತಪ್ಪನ್ನು ನೋಡಿ ಎರಡು ವರ್ಷದ ಹಿಂದೆ ಕೆರೆ ಅಂಗಳದಲ್ಲಿ ತಾನು ನಕ್ಕಿದ್ದೂ ನೆನಪಾಯಿತು. ಆಗ ಅವನಿಗೆ ಬದುಕಿರುವುದೇ ಅಸಹ್ಯವೆನಿಸಿತು.

ಪೊಲೀಸರು ಕೇಸು ಹಾಕಿದರು. ಮುನಿಯಲ್ಲಮ್ಮನ ತಾಯಿ ಅಕ್ಕಯಮ್ಮ ಮುಳಬಾಗಿಲು ಕಡೆಯ ಹಳ್ಳಿಯಿಂದ ಬಂದು ಅಳಿಯನ ಮನೆಯಲ್ಲೇ ಉಳಿದಳು, ಮೊಮ್ಮಗಳು ಭಾರತಿಗೆ ಅನ್ನ ಹಾಕುವವರು ಬೇಕಲ್ಲ. ಭಾರತಿಗೆ ಆಗ ನಾಲ್ಕು ವರ್ಷ. ಅಕ್ಕಯಮ್ಮನಿಗೆ ಬೇಕಾಗಿದ್ದದ್ದು ಒಂದೇ, ತನ್ನ ಮಗಳನ್ನು ಕೊಂದವನಿಗೆ ಶಿಕ್ಷೆ ಆಗಬೇಕು. "ಆಗುತ್ತಾ ನಾಯ್ನಾ?" ಎಂದು ಅಳಿಯನನ್ನು ದಿನಾ ಕೇಳುವಳು. "ಆಗುತ್ತೆ ಅತ್ತೆ, ಬಿಡಲ್ಲ ನಾನು" ಎಂದು ಕದಿರೇಶ ದಿನಾ ಹೇಳುವನು. ಶರ್ಟಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ಇವನಿಗೆ ಬರಲಿಲ್ಲ.

ವಿಚಾರಣೆ ಹತ್ತುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಮಂಡಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಅವಳೇ ಬುಟ್ಟಿ ಎತ್ತಿಕೊಂಡು ದಿಢೀರನೆ ಗಾಡಿಗೆ ಅಡ್ಡ ಬಂದಳು ಎಂದರು. ಮುಂದಿನ ಸುಗ್ಗಿಗೂ ಅವರು ಅದೇ ಮಂಡಿಗೆ ಹೋಗಬೇಕಲ್ಲ. ಆಮೇಲೆ ಕೋದಂಡರಾಮಪ್ಪನ ವಕೀಲರು ಒಂದು ಹಾಳೆ ಹೊರತೆಗೆದರು. ಅದರಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದರು. ಅತ್ಯುತ್ತಮ ಹಿಡಿತ, ಇಂಥದ್ದು ಅಪರೂಪ. ನಡೆಯುವ ವೇಗದಲ್ಲಿ, ಇಕ್ಕಟ್ಟಾದ ಜಾಗದಲ್ಲಿ ಗಾಡಿ ತಿರುಗಿಸುವುದರಲ್ಲಿ ನನ್ನ ಕಕ್ಷಿದಾರರಿಗೆ ಸಮನಾದವರು ಜಿಲ್ಲೆಯಲ್ಲಿಲ್ಲ, ಸರ್ಕಾರವೇ ಬರೆದುಕೊಟ್ಟಿದೆ. ಇಂಥವರ ಕೈಯಲ್ಲಿ ಅಪಘಾತವಾಗಿದ್ದರೆ ತಪ್ಪು ಅಡ್ಡ ಬಂದವಳದ್ದೇ ಎಂದರು. ಹಿಂದಿನ ಬೆಂಚಿನಲ್ಲಿ ಕೂತು ಕದಿರೇಶ ಇದನ್ನೆಲ್ಲ ಕೇಳಿದ. ಕೊಂದವನನ್ನು ಬಿಡಿಸುತ್ತಿರುವುದು ಅವನದೇ ಎಂಟು.

ಸಂಜೆ ಗ್ಯಾರೇಜಿಗೆ ಬಂದು ಖಾದರಿಗೆ ಹೇಳಿದ.

"ಎಲ್ಲಾ ಹೇಳ್ಬಿಡ್ತೀನಿ ಭಾಯ್. ಎಂಟು ಹಾಕಿದ್ದು ನಾನು ಅಂತ."

ಖಾದರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ನಕ್ಕೋ, ಬೇಡ ಕದಿರೇಶ. ನಲವತ್ತು ಲೈಸೆನ್ಸು. ಎಲ್ರೂ ಸಿಕ್ಕಾಕ್ಕೊಂತಾರೆ. ಈ ಗ್ಯಾರೇಜ್ ಇರಲ್ಲ, ನಾನೂ ಇರಲ್ಲ. ಮಗಳು ಅಸ್ಗರಿ ಮದುವೆ ಇದೆ ಬರೋ ತಿಂಗಳು."

"ನನ್ ಹೆಂಡ್ತಿ ಸತ್ತಿದಾಳೆ ಭಾಯ್."

"ಗೊತ್ತು ಕಣೋ. ನಿನ್ ಹೆಂಡ್ತಿ ವಾಪಸ್ ಬರ್ತಾಳೆ ಅಂದ್ರೆ ನಾನೇ ಹೋಗಿ ಹೇಳ್ತಿದ್ದೆ. ಕೋರ್ಟಲ್ಲಿ ನನ್ನ ಕೇಳಿದ್ರೆ ಗೊತ್ತಿಲ್ಲ ಅಂತೀನಿ. ಈಗ್ಲೇ ಹೇಳಿದೀನಿ, ಆಮೇಲೆ ಬೇಜಾರ್ ಮಾಡ್ಕೋಬೇಡ."

ಖಾದರ್ ನುಡಿದಂತೆಯೇ ನಡೆದ, ಗೊತ್ತಿಲ್ಲ ಎಂದ. ಇನ್‌ಸ್ಪೆಕ್ಟರು ಅಷ್ಟರಲ್ಲಿ ಬೇರೆ ಕಡೆ ವರ್ಗವಾಗಿದ್ದರು. ಅಲ್ಲಿಂದ ಬಂದು, ಫೋಟೋ ತಾಳೆ ನೋಡದೆ ನಾನು ಯಾರನ್ನೂ ಗಾಡಿ ಹತ್ತಿಸಿದವನಲ್ಲ ಎಂದು ಪ್ರಮಾಣ ಮಾಡಿ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೊರಟರು. ಕದಿರೇಶ ಮಾತ್ರ ಕಟಕಟೆ ಹತ್ತಿ ಇದ್ದದ್ದನ್ನು ಇದ್ದಂತೆ ಹೇಳಿದ. ಚೀಲದಿಂದ ಚೌಕಳಿ ಶರ್ಟು ತೆಗೆದು ತೋರಿಸಿದ. ಫೋಟೋದಲ್ಲಿರುವ ಶರ್ಟು ಇದೇ ಎಂದ.

ವಕೀಲರು ಶರ್ಟನ್ನು ಎರಡು ಬೆರಳಲ್ಲಿ ಹಿಡಿದು ಕೋದಂಡರಾಮಪ್ಪನ ಹೊಟ್ಟೆಗೆ ಒಡ್ಡಿದರು. ಒಂದು ಪಕ್ಕವೂ ಮುಚ್ಚಲಿಲ್ಲ. ಕೋರ್ಟಿನಲ್ಲಿ ನಗು ಎದ್ದಿತು.

"ಇದು ನಮ್ಮ ಸಾಹುಕಾರರ ಶರ್ಟೇನಪ್ಪ?"

"ನನ್ನ ಮೈಗೆ ಸರಿಯಾಗ್ಲಿ ಅಂತ ಹಿಡಿದು ಹೊಲಿದಿರೋದು ಸಾರ್."

"ಯಾರು ಹೊಲಿದರು?"

"ನನ್ನ ಹೆಂಡ್ತಿ."

"ಹಾಗಿದ್ದರೆ ಅವರನ್ನೇ ಕರೆಸಿ, ಕೇಳೋಣ" ಎಂದುಬಿಟ್ಟರು ವಕೀಲರು, ರೂಢಿಯಿಂದ. ಆಮೇಲೆ ನೆನಪಾಗಿ ಕೆಮ್ಮಿದರು. ಚೌಕಳಿ ಶರ್ಟು ಸಂತೆಯಲ್ಲಿ ನೂರು ಸಿಗುತ್ತದೆ, ಹೊಲಿಗೆ ಬಿಚ್ಚಿ ನೋಡಿದರೂ ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ ಎಂದು ಮುಂದಕ್ಕೆ ಹೋದರು.

ಸರ್ಕಾರಿ ವಕೀಲರಿಗೆ ಅಲ್ಪಸ್ವಲ್ಪ ಮನಸ್ಸಿತ್ತು. ಆರೋಪಿ ಒಂದು ಎಂಟು ಹಾಕಿ ತೋರಿಸಲಿ, ನಿಜ ತಿಳಿದುಹೋಗುತ್ತದೆ ಎಂದು ಕೇಳಿದರು. ಆರೋಪಿಯನ್ನು ಒತ್ತಾಯ ಮಾಡುವಂತಿಲ್ಲ, ಮೇಲಾಗಿ ಆ ದುರ್ಘಟನೆಯ ನಂತರ ಗಾಡಿ ಮುಟ್ಟುವುದಿಲ್ಲವೆಂದು ಅವರು ವೆಂಕಟರಮಣನ ಮೇಲೆ ಆಣೆ ಮಾಡಿದ್ದಾರೆ ಎಂದು ಉತ್ತರ ಬಂತು. ಕೋದಂಡರಾಮಪ್ಪ ಕೈಮುಗಿದು ತಲೆ ತಗ್ಗಿಸಿ ನಿಂತಿದ್ದ. ಆಣೆ ನಿಜವೇ ಇರಬೇಕು. ಹಾಗಾದರೆ ನಾನೇ ತೋರಿಸ್ತೀನಿ ಸ್ವಾಮಿ, ನನ್ನ ಎಂಟು ನೋಡಿ, ಆಮೇಲೆ ಆ ಹಾಳೆ ಯಾರದ್ದು ಅಂತ ನೀವೇ ಹೇಳಿ ಎಂದ ಕದಿರೇಶ. ನ್ಯಾಯಾಧೀಶರು ಆಗಲಿ ಎಂದರು.

ಖಾದರ್ ಗಾಡಿ ಕೊಟ್ಟ, ಅಷ್ಟು ಮಾಡಿದ. ಕದಿರೇಶ ರಾಜದೂತ್ ಹತ್ತಿಕೊಂಡು ಗ್ಯಾರೇಜಿನಿಂದ ಕೋರ್ಟಿಗೆ ಬಂದ. ಸುದ್ದಿ ಹಬ್ಬಿ ಊರೇ ಕಾಂಪೌಂಡಿಗೆ ನುಗ್ಗಿತ್ತು. ಪಾರಿವಾಳಕ್ಕೆ ನೀರಿಡುವ ಕಲ್ಲುಬಾನಿಯೊಂದು, ಧ್ವಜದ ಕಂಬವೊಂದು, ಇವೆರಡರ ಸುತ್ತ ಎಂಟು ಹಾಕಬೇಕೆಂದು ಗೊತ್ತಾಯಿತು. ನಡುವೆ ಹನ್ನೆರಡು ಅಡಿ ಇರಲಿಲ್ಲ. ಕದಿರೇಶ ಫಸ್ಟ್ ಗೇರು ಹಾಕಿ ಹೊರಟ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಮೈ ಹೊರಕ್ಕೆ ಬಿಟ್ಟು, ಬಾನಿಯನ್ನು ಒಂದು ಸುತ್ತು, ಕಂಬವನ್ನು ಒಂದು ಸುತ್ತು. ಎರಡು ಎಂಟು. ಮೂರನೆಯದು ಅದಕ್ಕಿಂತ ನಿಧಾನ. ಚಿಕ್ಕ ಮಕ್ಕಳೂ ಉಸಿರು ಹಿಡಿದು ನೋಡಿದರು. ಹೆಂಡತಿ ಸತ್ತ ಮೇಲೆ ಅವನು ಮಾಡಿದ ಕೆಲಸಗಳಲ್ಲಿ ತಪ್ಪಿಲ್ಲದೆ ಮುಗಿದದ್ದು ಅದೊಂದೇ.

ಗಾಡಿ ನಿಲ್ಲಿಸಿ ಕಾಲು ಊರಿದ. ಜನ ಚಪ್ಪಾಳೆ ತಟ್ಟಿದರು. ಸಿಳ್ಳೆ ಹಾಕಿದರು. ಯಾವನೋ "ಇನ್ನೊಂದು ಹಾಕೋ" ಎಂದ. ಚಪ್ಪಾಳೆ ತಟ್ಟಿದವರಲ್ಲಿ ಅವನು ಶರ್ಟು ತೊಟ್ಟು ಪಾಸು ಮಾಡಿಸಿದವರು ಹತ್ತು ಹದಿನೈದು ಜನವಾದರೂ ಇದ್ದರು. ಮೇಷ್ಟ್ರಿದ್ದರು, ರೇಷ್ಮೆ ವ್ಯಾಪಾರಿ ಇದ್ದ. ಕದಿರೇಶ ಒಬ್ಬೊಬ್ಬರ ಮುಖ ನೋಡಿದ. ಒಬ್ಬನಾದರೂ ಮುಂದೆ ಬಂದು, ಹೌದು, ನನ್ನದನ್ನೂ ಇವನೇ ಹಾಕಿದ್ದು ಎಂದಿದ್ದರೆ ಸಾಕಿತ್ತು. ಅವರು ಅವನ ಎಂಟನ್ನು ಮನಸಾರೆ ಮೆಚ್ಚಿದರು, ಬಾಯಿ ಮಾತ್ರ ಬಿಡಲಿಲ್ಲ. ನಾಚಿಕೆಗೆಟ್ಟ ಜನ ಎಂದು ಬೈಯುವುದು ಸುಲಭ. ಬೈದದ್ದೂ ಆಯಿತು ಅನ್ನಿ.

ಕೋದಂಡರಾಮಪ್ಪನ ವಕೀಲರು ವರಾಂಡದಲ್ಲೇ ನಿಂತು ಎರಡು ಮಾತು ಹೇಳಿದರು. ಇವನಿಗೆ ಎಂಟು ಬರುತ್ತದೆ, ನೋಡಿದೆವು, ಸಂತೋಷ. ಇವನಿಗೆ ಬರುತ್ತದೆ ಅಂದರೆ ಸಾಹುಕಾರರಿಗೆ ಬರುವುದಿಲ್ಲ ಅಂತ ಹೇಗಾಯಿತು? ಅದು ಮೊದಲ ಮಾತು. ಎರಡನೆಯದನ್ನು ಕದಿರೇಶನಿಗೇ ಕೇಳಿದರು.

"ಗ್ಯಾರೇಜಿಂದ ಇಲ್ಲಿ ತನಕ ರಸ್ತೇಲಿ ಗಾಡಿ ಓಡಿಸ್ಕೊಂಡು ಬಂದೆಯಲ್ಲ, ನಿನ್ನ ಲೈಸೆನ್ಸ್ ಎಲ್ಲಿ?"

"ಇಲ್ಲ ಸಾರ್."

ಜನಕ್ಕೆ ಇದು ಎಂಟಿಗಿಂತಲೂ ಹಿಡಿಸಿತು. ಹೆಡ್ ಕಾನ್‌ಸ್ಟೇಬಲ್ಲಿಗೂ ನಗು ತಡೆಯಲಿಲ್ಲ, ಆದರೂ ಅಲ್ಲೇ ನಿಂತು ಕೇಸು ಬರೆದುಕೊಂಡ.

ಹದಿನೈದು ದಿನಕ್ಕೆ ತೀರ್ಪು ಬಂತು. ಪ್ರತ್ಯಕ್ಷ ಸಾಕ್ಷಿಗಳೆಲ್ಲ ಒಂದೇ ಮಾತು ಹೇಳಿದ್ದರು, ಕಾಗದ ಗಟ್ಟಿಯಾಗಿತ್ತು, ಕದಿರೇಶನ ಮಾತಿಗೆ ಆಧಾರವಿರಲಿಲ್ಲ. ಕೋದಂಡರಾಮಪ್ಪನನ್ನು ಬಿಟ್ಟರು. ಅದೇ ವಾರ ಇನ್ನೊಂದು ಕೊಠಡಿಯಲ್ಲಿ, ಲೈಸೆನ್ಸಿಲ್ಲದೆ ಗಾಡಿ ಓಡಿಸಿದ್ದಕ್ಕೆ ಕದಿರೇಶನಿಗೆ ದಂಡ ಹಾಕಿದರು. ಮುನಿಯಲ್ಲಮ್ಮ ಸತ್ತ ಸಂಗತಿಯಲ್ಲಿ ಶಿಕ್ಷೆ ಅನ್ನುವುದು ಯಾರಿಗಾದರೂ ಆಗಿದ್ದರೆ ಅವನೊಬ್ಬನಿಗೆ.

ತೀರ್ಪಿನ ದಿನ ಅಕ್ಕಯಮ್ಮ ಕೋರ್ಟಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು, ಪಕ್ಕದಲ್ಲಿ ಭಾರತಿ. ಪ್ರತಿ ವಾಯಿದೆಗೂ ಬಂದು ಕಿಟಕಿಯ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡವಳು ಅವಳು. ಕದಿರೇಶ ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

"ಬಿಟ್ಬಿಟ್ರು ಅತ್ತೆ."

"ಕೇಳಿಸ್ತು."

"ನಾನು ಹೇಳಿದ್ದನ್ನ ಒಬ್ರೂ ನಂಬ್ಲಿಲ್ಲ."

ಅಕ್ಕಯಮ್ಮ ಭಾರತಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, "ನೀನು ಒಳಗೆ ಹೇಳಿದ್ದು ನಿಜಾನಾ ನಾಯ್ನಾ? ಆಯಪ್ಪನ ಬದ್ಲು ನೀನೇ ಗಾಡಿ ತಿರುಗ್ಸಿದ್ದಾ?" ಎಂದಳು.

"ನಿಜ ಅತ್ತೆ. ಭಾರತಿ ಮೇಲಾಣೆ."

"ಆಯಪ್ಪಂಗೆ ತಿರುಗ್ಸಕ್ಕೆ ಬರಲ್ಲ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಕಲಿಸ್ಕೊಡು ಅಂದಿದ್ನಂತಲ್ಲ. ಒಳಗೆ ನೀನೇ ಹೇಳ್ದೆ."

ಕದಿರೇಶ ತಲೆಯಾಡಿಸಿದ.

"ಅವಳು ದಿನಾ ಆ ಮಂಡೀಲೇ ಕೂತಿರ್ತಾಳೆ ಅಂತಾನೂ ಗೊತ್ತಿತ್ತು."

ಅಕ್ಕಯಮ್ಮ ಮೊಣಕಾಲ ಮೇಲೆ ಕೈಯೂರಿ ಎದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅವರೆಲ್ಲ ನೀನು ಸುಳ್ಳು ಹೇಳ್ತೀಯ ಅಂದ್ರು. ನಾನು ನಂಬ್ತೀನಪ್ಪ. ಪೂರ್ತಿ ನಂಬ್ತೀನಿ. ನೀನು ಬಸ್ ಸ್ಟ್ಯಾಂಡ್ ತಾವ ಬರಬೇಡ, ನಾನು ಹೋಗ್ತೀನಿ."

ಅವಳು ಭಾರತಿಯ ಕೈ ಹಿಡಿದು ಗೇಟು ದಾಟಿ ಮುಳಬಾಗಿಲು ಬಸ್ಸು ನಿಲ್ಲುವ ಕಡೆ ನಡೆದಳು. ಅವನು ಹಿಂದೆ ಹೋಗಲಿಲ್ಲ. ದಸರೆಗೆ ಮಗಳನ್ನು ಕರೆತರಲು ಹೋದಾಗ ಅಕ್ಕಯಮ್ಮ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು, ನೀರು ಕೊಡಲಿಲ್ಲ, ಮಗುವನ್ನೂ ಕಳಿಸಲಿಲ್ಲ.